ಚಿತ್ರದ ಬೆನ್ನ ಮೇಲಿನ ಬರಹ

ಛಾಯಾಗ್ರಹಣ ಒಂದು ಕಾಲಕ್ಕೆ ಖರ್ಚಿನ ಹವ್ಯಾಸವಾಗಿತ್ತು. 36 ಚಿತ್ರಗಳ ಒಂದು ರೀಲು ಮುಗಿಯಬೇಕಾದರೆ ಹಬ್ಬ, ಮದುವೆ, ಪ್ರವಾಸ ಮೂರೂ ಬರಬೇಕಿತ್ತು. ಸ್ಟುಡಿಯೋದಲ್ಲಿ ತೊಳೆಸಿ ತಂದ ಚಿತ್ರದ ಬೆನ್ನ ಮೇಲೆ ಮನೆಯ ಹಿರಿಯರು ಪೆನ್ನಿನಲ್ಲಿ ಊರು, ದಿನಾಂಕ, ನಿಂತವರ ಹೆಸರು ಬರೆದಿಡುತ್ತಿದ್ದರು. ಈಗ ಒಂದು ಸಂಜೆಗೆ ಇನ್ನೂರು ಚಿತ್ರ ತೆಗೆಯುತ್ತೇವೆ, ಬೆನ್ನ ಮೇಲೆ ಬರೆಯುವವರಿಲ್ಲ. ಆದರೆ ಅಂತರ್ಜಾಲದಲ್ಲಿ ಒಂದು ಚಿತ್ರ ಸಿಗುವುದು, ಉಳಿಯುವುದು, ಮಾರಾಟವಾಗುವುದು ಬಹುಪಾಲು ಅದರ ಜೊತೆಗಿರುವ ಮಾತುಗಳಿಂದ. ಹೀಗಾಗಿ ಈ ಹವ್ಯಾಸ ಭಾಷಾ ತರಗತಿಗೂ ಸಂಬಂಧಪಟ್ಟದ್ದೇ.

ನಮ್ಮ ಪೋಷಕರಲ್ಲಿ ಒಬ್ಬರು ಹವ್ಯಾಸಿ ಛಾಯಾಗ್ರಾಹಕರಿದ್ದಾರೆ. ವೃತ್ತಿಯಲ್ಲಿ ಇಂಜಿನಿಯರ್, ಊರು ಶಿವಮೊಗ್ಗದ ಕಡೆ. ಕೆಲವು ವರ್ಷಗಳಿಂದ ಚಿತ್ರ ಮಾರುವ ಜಾಲತಾಣವೊಂದಕ್ಕೆ ತಮ್ಮ ಚಿತ್ರಗಳನ್ನು ಕಳುಹಿಸುತ್ತಾರೆ. ಅವರಿಗೆ ಬಹಳ ಇಷ್ಟವಾದದ್ದು ಆಗುಂಬೆಯ ಸೂರ್ಯಾಸ್ತ. ಅದನ್ನು ಇದುವರೆಗೆ ಯಾರೂ ಕೊಂಡಿಲ್ಲ. ಮತ್ತೆ ಮತ್ತೆ ಮಾರಾಟವಾದದ್ದು ಅಡುಗೆಮನೆಯಲ್ಲಿ ತೆಗೆದ ಹಲಸಿನ ಹಣ್ಣು! ಕೊಯ್ದ ಹಣ್ಣು, ಪಕ್ಕದಲ್ಲಿ ಬಿಡಿಸಿಟ್ಟ ತೊಳೆ, ಹಿಂದೆ ಬಿಳಿಯ ಬಟ್ಟೆ, ಅಷ್ಟೇ. ಸೂರ್ಯಾಸ್ತದ ಚಿತ್ರಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಹಲಸಿನ ಬಗ್ಗೆ ಲೇಖನವನ್ನೋ ಪಠ್ಯವನ್ನೋ ಸಿದ್ಧಪಡಿಸುವವರಿಗೆ ಬೇಕಾದ ಸ್ಪಷ್ಟವಾದ ಚಿತ್ರಗಳು ಅಷ್ಟಿಲ್ಲ.

ಆದರೂ ಮೊದಲ ಕೆಲವು ತಿಂಗಳು ಹಲಸೂ ಮಾರಾಟವಾಗಿರಲಿಲ್ಲವಂತೆ. ‘ರುಚಿಯಾದ ಹಣ್ಣು’ ಎಂದಷ್ಟೇ ಅವರು ಬರೆದಿದ್ದರು. ಕೊಳ್ಳುವವರು ಹುಡುಕುವುದು ಗುಣವಾಚಕವನ್ನಲ್ಲ, ನಾಮಪದವನ್ನು. ಯಾವ ಹಣ್ಣು, ಇಡಿಯೋ ಕೊಯ್ದದ್ದೋ, ಬೀಜ ಕಾಣುತ್ತದೆಯೋ, ಯಾವ ಊರಿನದು ಎಂದು ಬರೆದ ಮೇಲೆ ಬೇಡಿಕೆ ಬಂತು. ತೊಳೆಗೆ ಇಂಗ್ಲಿಷಿನಲ್ಲಿ ಕೆಲವರು ಬಲ್ಬ್ ಎನ್ನುತ್ತಾರೆ, ಕೆಲವರು ಪಾಡ್ ಎನ್ನುತ್ತಾರೆ. ಅವರು ಎರಡನ್ನೂ ಸೇರಿಸಿದರು. (ಬಲ್ಬ್ ಎಂದರೆ ನಮ್ಮ ಮಕ್ಕಳಿಗೆ ದೀಪವೇ ನೆನಪಾಗುತ್ತದೆ. ಕನ್ನಡದಲ್ಲಿ ಆ ತೊಂದರೆಯಿಲ್ಲ.) ಇಂತಹ ಪದಗಳನ್ನು ಕೀವರ್ಡ್ ಎನ್ನುತ್ತಾರೆ. ಶಟರ್‌ಸ್ಟಾಕ್ ಸಂಸ್ಥೆ ಒಂದು ಚಿತ್ರಕ್ಕೆ ಕನಿಷ್ಠ 7, ಗರಿಷ್ಠ 50 ಪದಗಳನ್ನು ಕೇಳುತ್ತದೆ. ಚಿತ್ರದಲ್ಲಿ ಇಲ್ಲದ್ದನ್ನು ಬರೆದು ಐವತ್ತು ತುಂಬಿಸಿದರೆ ಪ್ರಯೋಜನವಿಲ್ಲ.

ಹಾಗಾದರೆ ಹಣ ಎಷ್ಟು ಬರುತ್ತದೆ? ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಇದೇ. ಕಡಿಮೆ ಬೆಲೆಗೆ ಚಿತ್ರ ಮಾರುವ ಪದ್ಧತಿ ಬೆಳೆದದ್ದು 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಆರಂಭವಾದ ಐಸ್ಟಾಕ್‌ಫೋಟೋದಿಂದ. 2003ರಲ್ಲಿ ಜಾನ್ ಓರಿಂಜರ್ ಎಂಬವರು ತಾವೇ ತೆಗೆದ ಸುಮಾರು 30,000 ಚಿತ್ರಗಳಿಂದ ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಆರಂಭಿಸಿದರು. ಅಲ್ಲಿ 2020ರ ಮಧ್ಯದವರೆಗೆ ಹೊಸಬರಿಗೆ ಚಂದಾದಾರರ ಒಂದು ಡೌನ್‌ಲೋಡಿಗೆ 25 ಸೆಂಟ್ ಸಿಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಒಂದು ದಿರ್ಹಮಿಗೂ ಕಡಿಮೆ. ಆ ವರ್ಷದ ಜೂನ್‌ನಲ್ಲಿ ಬಂದ ಹೊಸ ನಿಯಮದಂತೆ ಪಾಲು ಶೇ. 15ರಿಂದ 40ರವರೆಗೆ ಆಯಿತು. ಕನಿಷ್ಠ ಮೊತ್ತ 10 ಸೆಂಟಿಗೆ ಇಳಿಯಿತು. ವರ್ಷವಿಡೀ ದುಡಿದು ಮೇಲಿನ ಮೆಟ್ಟಿಲು ಹತ್ತಿದವರೂ ಜನವರಿ 1ರಂದು ಮತ್ತೆ ಕೆಳಗಿನ ಮೆಟ್ಟಿಲಿಗೆ ಬರಬೇಕಾಯಿತು. ಇದು ನನಗೆ ನ್ಯಾಯವೆಂದು ತೋರುವುದಿಲ್ಲ. ನಮ್ಮ ಪೋಷಕರ ಗಳಿಕೆಯಿಂದ ಕ್ಯಾಮೆರಾದ ಮುಕ್ಕಾಲು ಕಾಲು (ಟ್ರೈಪಾಡ್) ಬಂದಿದೆ, ಲೆನ್ಸ್ ಇನ್ನೂ ಬಂದಿಲ್ಲ. ಮಾರಲು ಹದಿನೆಂಟು ವರ್ಷ ತುಂಬಿರಬೇಕೆಂಬ ನಿಯಮವೂ ಉಂಟು. ಆದ್ದರಿಂದ ಮಕ್ಕಳು ಸದ್ಯಕ್ಕೆ ಲೆಕ್ಕ ಹಾಕುವುದನ್ನು ಬಿಟ್ಟು ಚಿತ್ರ ತೆಗೆಯಬಹುದು.

ಚಿತ್ರಗಳನ್ನು ಕಾಪಾಡುವ ವಿಚಾರ ಪೋಷಕರಿಗೆ. ಬಿಟ್ಟಿ ಜಾಗ ಶಾಶ್ವತವಲ್ಲ. ಫೋಟೋಬಕೆಟ್ 2017ರಲ್ಲಿ ಇತರ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿದಾಗ ಅಸಂಖ್ಯ ಪುಟಗಳಲ್ಲಿ ಚಿತ್ರಗಳಿದ್ದ ಜಾಗ ಖಾಲಿಯಾಯಿತು. ಫ್ಲಿಕರ್ 2019ರಿಂದ ಉಚಿತ ಖಾತೆಯ ಮಿತಿಯನ್ನು 1,000 ಚಿತ್ರಗಳಿಗೆ ಇಳಿಸಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿಯಿತು. ಛಾಯಾಗ್ರಾಹಕರು ಪಾಲಿಸುವ ಸೂತ್ರ ಮೂರು-ಎರಡು-ಒಂದು. ಅಂದರೆ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ. ಆ ಒಂದನ್ನು ರಜೆಗೆ ಹೋದಾಗ ಊರಿನ ಮನೆಯಲ್ಲೇ ಇಟ್ಟು ಬರಬಹುದು. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬಂದದ್ದನ್ನು ಮೂಲಪ್ರತಿ ಎಂದು ತಿಳಿಯಬೇಡಿ. ಅದರ ಗಾತ್ರ ಕುಗ್ಗಿರುತ್ತದೆ, ಕ್ಯಾಮೆರಾ ಬರೆದಿಟ್ಟ ದಿನಾಂಕ, ಸ್ಥಳದ ವಿವರಗಳು ಅಳಿದಿರುತ್ತವೆ.

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು ಒಪ್ಪಿಗೆ. ಅಮೆರಿಕದ ಡಲ್ಲಾಸ್ ನಗರದಲ್ಲಿ 2007ರಲ್ಲಿ ಚರ್ಚಿನ ಯುವ ಸಲಹೆಗಾರರೊಬ್ಬರು ಹದಿಹರೆಯದ ಹುಡುಗಿಯೊಬ್ಬಳ ಚಿತ್ರ ತೆಗೆದು ಫ್ಲಿಕರ್‌ಗೆ ಹಾಕಿದರು. ‘ತೆಗೆದವರ ಹೆಸರು ಹೇಳಿ, ವ್ಯಾಪಾರಕ್ಕೂ ಬಳಸಿಕೊಳ್ಳಿ’ ಎಂಬರ್ಥದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಆರಿಸಿದರು. ಕೆಲವೇ ತಿಂಗಳಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಬಸ್ ನಿಲ್ದಾಣದಲ್ಲಿ ಆಕೆಯ ಮುಖ ಕಾಣಿಸಿಕೊಂಡಿತು, ವರ್ಜಿನ್ ಮೊಬೈಲ್ ಜಾಹೀರಾತಿನಲ್ಲಿ! ಪತ್ರಮಿತ್ರರನ್ನು ಕೈಬಿಡಿ ಎಂಬರ್ಥದ ಹಾಸ್ಯದ ಸಾಲು ಅದರ ಮೇಲಿತ್ತು. ಮನೆಯವರು ನ್ಯಾಯಾಲಯಕ್ಕೆ ಹೋದರು. ಆಸ್ಟ್ರೇಲಿಯಾದ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಟೆಕ್ಸಾಸ್‌ನ ನ್ಯಾಯಾಲಯ 2009ರಲ್ಲಿ ಮೊಕದ್ದಮೆಯನ್ನು ವಜಾ ಮಾಡಿತು.

ಇಲ್ಲಿ ಗಮನಿಸಬೇಕಾದದ್ದು ಒಂದೇ ಚಿತ್ರದಲ್ಲಿ ಇಬ್ಬರ ಹಕ್ಕು ಇರುವುದನ್ನು. ಕೃತಿಸ್ವಾಮ್ಯ ಸಾಮಾನ್ಯವಾಗಿ ಚಿತ್ರ ತೆಗೆದವರದು, ಮುಖ ಚಿತ್ರದಲ್ಲಿ ಇರುವವರದು. ತೆಗೆದವರು ಕೊಟ್ಟ ಪರವಾನಗಿ ಇನ್ನೊಬ್ಬರ ಮುಖಕ್ಕೆ ಅನ್ವಯಿಸುವುದಿಲ್ಲ. ಅದಕ್ಕಾಗಿಯೇ ಜಾಹೀರಾತಿಗೆ ಮಾರುವ ಚಿತ್ರದಲ್ಲಿ ಗುರುತು ಸಿಗುವ ವ್ಯಕ್ತಿಯಿದ್ದರೆ ಸಂಸ್ಥೆಗಳು ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳುತ್ತವೆ, ಮಕ್ಕಳಾದರೆ ತಂದೆ ಅಥವಾ ತಾಯಿ ಸಹಿ ಹಾಕಬೇಕು. ನಾವು ವಾಸಿಸುವ ಯು.ಎ.ಇ.ಯಲ್ಲಿ ಕಾನೂನು ಇನ್ನೂ ಬಿಗಿ. ಒಪ್ಪಿಗೆಯಿಲ್ಲದೆ ಇತರರ ಚಿತ್ರ ತೆಗೆದು ಅವರ ಖಾಸಗಿತನಕ್ಕೆ ಧಕ್ಕೆ ತರುವುದು 2021ರ ಸೈಬರ್ ಅಪರಾಧ ಕಾನೂನಿನಂತೆ ಶಿಕ್ಷಾರ್ಹ. ವಾರ್ಷಿಕೋತ್ಸವದಲ್ಲಿ ನಿಮ್ಮ ಮಗುವಿನ ಪಕ್ಕದಲ್ಲಿ ಕುಣಿದ ಮಗುವಿನ ಚಿತ್ರವನ್ನೂ ಹಂಚುವ ಮುನ್ನ ಅದರ ಅಮ್ಮನನ್ನು ಒಂದು ಮಾತು ಕೇಳಿ.

ಹಣದ ಆಸೆಯಿಲ್ಲದೆ ಹಂಚಿಕೊಳ್ಳಬೇಕೆನ್ನುವವರಿಗೆ 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಇದೆ. ಅಲ್ಲಿ ಚಿತ್ರದ ವಿವರವನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಬಳಸುವವರು ವ್ಯಾಪಾರಕ್ಕೂ ಬಳಸಬಹುದೆಂದು ನೀವು ಒಪ್ಪಿರಬೇಕು. ಇದನ್ನು ಮೊದಲೇ ತಿಳಿದು ಹಾಕಬೇಕು.

ವಿದ್ಯಾರ್ಥಿಗಳೇ, ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಅಡುಗೆಮನೆಯ ಐದು ವಸ್ತುಗಳ ಚಿತ್ರ ತೆಗೆಯಿರಿ. ಶ್ಯಾವಿಗೆ ಒರಳು, ತುರಿಮಣೆ, ಉಪ್ಪಿನಕಾಯಿ ಭರಣಿ, ಏನಿದ್ದರೂ ಸರಿ. ಕಡತದ ಹೆಸರಿನಲ್ಲಿ ಮೊದಲು ವರ್ಷ, ನಂತರ ತಿಂಗಳು, ದಿನ, ಆಮೇಲೆ ಊರು ಬರಲಿ. ವಸ್ತುವಿನ ಹೆಸರು, ಅದರ ಭಾಗಗಳ ಹೆಸರು, ಯಾವುದರಿಂದ ಮಾಡಿದ್ದು, ಯಾರು ಬಳಸುತ್ತಿದ್ದರು ಎಂಬುದನ್ನು ಅಜ್ಜಿಯನ್ನೇ ಕೇಳಿ ಮೂರು ವಾಕ್ಯಗಳಲ್ಲಿ ಬರೆಯಿರಿ. ‘ಸುಂದರ’ ಎಂಬ ಪದವನ್ನು ಬಳಸಬೇಡಿ. ಶಾಲೆ ತೆರೆದ ಮೊದಲ ವಾರ ತರಗತಿಗೆ ತನ್ನಿ.