ಎಲುಬಿಗೆ ರೇಷ್ಮೆಯ ಸಾರುವೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ಬಹು ದೊಡ್ಡದೆಂದು ಹೆಸರಾದುದು. ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ಹಿಪ್ಪುನೇರಳೆ ಸೊಪ್ಪನ್ನು ಉಣಿಸಿ ಸಾಕಿದ ಹುಳುಗಳ ಗೂಡುಗಳು ಇಲ್ಲಿ ಹರಾಜಿಗೆ ಬರುತ್ತವೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಬಿಚ್ಚಿದರೆ ನೂರಾರು ಮೀಟರ್ ಉದ್ದದ ಒಂದೇ ಎಳೆ ದೊರೆಯುತ್ತದೆ. ಆ ಎಳೆ ಸೀರೆಯಾಗುವುದನ್ನು ಎಲ್ಲರೂ ಬಲ್ಲರು. ಕೆಟ್ಟ ಎಲುಬಿನ ಚಿಕಿತ್ಸೆಗೂ ಅದು ನೆರವಾಗಬಹುದೆಂಬ ಸಂಗತಿ ಅನೇಕರಿಗೆ ಹೊಸದು.

ಮುರಿದ ಎಲುಬಿಗೆ ತಾನಾಗಿಯೇ ಕೂಡಿಕೊಳ್ಳುವ ಶಕ್ತಿಯುಂಟು. ಆದರೆ ಅಪಘಾತದಲ್ಲಿ ಚರ್ಮ ಹರಿದು ಎಲುಬು ಹೊರಚಾಚಿದಾಗ ಮಣ್ಣಿನೊಡನೆ ರೋಗಾಣುಗಳೂ ಒಳಸೇರುತ್ತವೆ. ಅವುಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಬಹಳ ಹಟಮಾರಿ. ಅದು ಸತ್ತ ಎಲುಬಿನ ಮೇಲೆ ಲೋಳೆಯ ಪೊರೆಯನ್ನು ಹೊದ್ದು ಅಡಗಿಕೊಳ್ಳುತ್ತದೆ. ಅಲ್ಲಿಗೆ ರಕ್ತಸಂಚಾರವಿಲ್ಲ, ರಕ್ತ ಹೋಗದೆಡೆಗೆ ನುಂಗಿದ ಔಷಧಿಯೂ ಸರಿಯಾಗಿ ತಲಪದು. ಆಗ ಶಸ್ತ್ರವೈದ್ಯರು ಕೆಟ್ಟ ಭಾಗವನ್ನು ಕೆತ್ತಿ ತೆಗೆಯುತ್ತಾರೆ. ಎಲುಬಿನಲ್ಲಿ ಕುಳಿ ಉಳಿಯುತ್ತದೆ. ಕುಳಿಯನ್ನು ತುಂಬದಿದ್ದರೆ ಕಾಲು ಭಾರ ಹೊರಲಾರದು. ಸೋಂಕು ಉಳಿದಿರುವಾಗಲೇ ತುಂಬಿದರೆ ತುಂಬಿದ್ದೂ ಕೆಡುತ್ತದೆ. ಕಾಲನ್ನೇ ಕತ್ತರಿಸಬೇಕಾದ ಪ್ರಸಂಗಗಳೂ ಉಂಟು.

ಇದಕ್ಕೆ ರೂಢಿಯಲ್ಲಿರುವ ಒಂದು ಉಪಾಯವೆಂದರೆ, ರೋಗಾಣುನಾಶಕ ಔಷಧಿ ಬೆರೆಸಿದ ಒಂದು ಬಗೆಯ ಸಿಮೆಂಟಿನ ಮಣಿಗಳನ್ನು ಕುಳಿಯಲ್ಲಿಡುವುದು. ಈ ಮಣಿಗಳು ಕರಗುವುದಿಲ್ಲ. ಮತ್ತೊಮ್ಮೆ ಶಸ್ತ್ರಕ್ರಿಯೆ ನಡೆಸಿ ಅವನ್ನು ತೆಗೆದು, ರೋಗಿಯ ಸೊಂಟದ ಎಲುಬಿನಿಂದಲೇ ಚೂರುಗಳನ್ನು ತಂದು ತುಂಬಬೇಕು. ದುಡಿದು ಉಣ್ಣುವವನಿಗೆ ಇದು ಸಣ್ಣ ಹೊರೆಯಲ್ಲ.

ತಾನಾಗಿ ಮರೆಯಾಗುವ ಪದಾರ್ಥವನ್ನು ಅರಸಿದ ವಿಜ್ಞಾನಿಗಳ ದೃಷ್ಟಿ ರೇಷ್ಮೆಯ ಮೇಲೆ ಬಿದ್ದಿತು. ಗಾಯ ಹೊಲಿಯಲು ವೈದ್ಯರು ಅದನ್ನು ಹಿಂದಿನಿಂದಲೂ ಬಳಸುತ್ತ ಬಂದವರೇ. ರೇಷ್ಮೆಯಲ್ಲಿ ಎರಡು ಪ್ರೋಟೀನುಗಳಿವೆ: ಒಳಗಿನ ಎಳೆ ಫೈಬ್ರೋಯಿನ್, ಹೊರಗಿನ ಅಂಟು ಸೆರಿಸಿನ್. ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟನ್ನು ಕಳೆಯುತ್ತಾರೆ. ಉಳಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣವನ್ನು ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜಿನಂತಹ ತುಂಡು ಸಿದ್ಧವಾಗುತ್ತದೆ. ಗಾರೆಯವರು ಗೋಡೆ ಏರಿಸಲು ಕಟ್ಟಿಕೊಳ್ಳುವ ಸಾರುವೆಯಂತೆ ಇದು ಜೀವಕೋಶಗಳಿಗೆ ಆಸರೆ. ಅದರ ರಂಧ್ರಗಳೊಳಗೆ ಕೋಶಗಳೂ ಸೂಕ್ಷ್ಮ ರಕ್ತನಾಳಗಳೂ ನುಗ್ಗಿ ಬೆಳೆಯುತ್ತವೆ. ಎಲುಬಿನ ಖನಿಜವಾದ ಕ್ಯಾಲ್ಸಿಯಂ ಫಾಸ್ಫೇಟನ್ನೂ ವ್ಯಾಂಕೊಮೈಸಿನ್‌ನಂತಹ ಔಷಧಿಯನ್ನೂ ಅದರಲ್ಲಿ ಸೇರಿಸಬಹುದು. ಔಷಧಿ ಕುಳಿಯಲ್ಲಿಯೇ ಮೆಲ್ಲಮೆಲ್ಲನೆ ಒಸರುತ್ತದೆ. ಹೊಸ ಎಲುಬು ಬೆಳೆದಂತೆ ರೇಷ್ಮೆ ಸವೆಯುತ್ತದೆ. ಬೇಗ ಸವೆದರೆ ಆಸರೆ ತಪ್ಪುತ್ತದೆ, ತಡವಾದರೆ ಅದೇ ಅಡ್ಡಿಯಾಗುತ್ತದೆ. ಈ ಹದವನ್ನು ಸಾಧಿಸುವುದೇ ಕಷ್ಟದ ಕೆಲಸ.

ಇಂತಹ ಸಾರುವೆಗಳ ಪರೀಕ್ಷೆ ಹೆಚ್ಚಾಗಿ ನಡೆದಿರುವುದು ಪ್ರಯೋಗಶಾಲೆಗಳಲ್ಲಿ, ಇಲಿ ಮೊಲಗಳ ಮೇಲೆ. ಆಸ್ಪತ್ರೆಗಳಲ್ಲಿ ಇದಿನ್ನೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ. ಮೈಭಾರವನ್ನು ಸ್ಪಂಜು ಹೊರಲಾರದಾದ್ದರಿಂದ ಲೋಹದ ಸರಳೋ ಪಟ್ಟಿಯೋ ಜೊತೆಗಿರಲೇಬೇಕು. ಒಂದು ವಿಶೇಷವೆಂದರೆ, ಚಿಟ್ಟೆ ಕೊರೆದು ಹೊರಬಂದ ಗೂಡಿನಿಂದ ಉದ್ದನೆಯ ನೂಲು ಬಾರದೆಂದು ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಕಡಿಮೆ. ಕರಗಿಸುವ ಈ ಕೆಲಸಕ್ಕಾದರೋ ಗೂಡನ್ನು ಮೊದಲೇ ಚೂರುಚೂರಾಗಿ ಕತ್ತರಿಸುತ್ತಾರೆ. ತೂತುಬಿದ್ದ ಗೂಡೂ ಅಲ್ಲಿ ಸಲ್ಲುತ್ತದೆ.