ಕಂಬಂ ಕಣಿವೆಗೊಂದು ಕೀಲಿಮಣೆ

ವಿದ್ಯಾರ್ಥಿಗಳೇ, ತಮಿಳುನಾಡಿನ ನಕಾಶೆಯನ್ನು ತೆರೆದು ಮಧುರೆಯ ಪಶ್ಚಿಮಕ್ಕೆ ಬೆರಳಿಡಿರಿ. ಅಲ್ಲಿ ತೇನಿ ಇದೆ. ತೇನಿಯಿಂದ ನೈಋತ್ಯಕ್ಕೆ, ಪಶ್ಚಿಮ ಘಟ್ಟಗಳ ಮಡಿಲಲ್ಲಿ ಕಂಬಂ ಕಣಿವೆ, ಈಶಾನ್ಯಕ್ಕೆ ದಿಂಡಿಗಲ್. ಈ ಸೀಮೆಯಲ್ಲಿ ಕಪ್ಪಿಲಿಯರು, ಅನುಪ್ಪರು, ದೇವಾಂಗರು ಮೊದಲಾದವರ ಅನೇಕ ಮನೆಗಳಲ್ಲಿ ಕನ್ನಡವು ತಲೆಮಾರುಗಳಿಂದ ಮನೆಮಾತಾಗಿ ಉಳಿದು ಬಂದಿದೆ. ಶಾಲೆಯ ಓದು ಮಾತ್ರ ತಮಿಳಿನಲ್ಲಿ. ಹೀಗಾಗಿ ಕನ್ನಡ ಮಾತನಾಡುವವರಲ್ಲಿ ಬಹುಮಂದಿಗೆ ಕನ್ನಡ ಲಿಪಿ ಬಾರದು. ಮನೆಮಾತನ್ನು ಬರೆದಿಡಬೇಕೆಂದರೆ ತಮಿಳು ಅಕ್ಷರಗಳೇ ಗತಿ.

ಇದರಲ್ಲಿ ಒಂದು ತೊಡಕಿದೆ. ತಮಿಳು ಲಿಪಿಯಲ್ಲಿ 'ಕ' ಮತ್ತು 'ಗ' ಎರಡಕ್ಕೂ ಒಂದೇ ಅಕ್ಷರ. 'ಪ' ಮತ್ತು 'ಬ'ಗಳಿಗೂ ಒಂದೇ. ತಮಿಳಿಗೆ ಇದು ಕೊರತೆಯಲ್ಲ. ಪದದಲ್ಲಿ ಅಕ್ಷರ ಎಲ್ಲಿದೆ ಎಂಬುದನ್ನು ನೋಡಿ ತಮಿಳು ಓದುಗನು ಸರಿಯಾಗಿಯೇ ಉಚ್ಚರಿಸುತ್ತಾನೆ. ಆದರೆ ಕನ್ನಡದ 'ಗಾಳಿ'ಯನ್ನು ಆ ಲಿಪಿಯಲ್ಲಿ ಬರೆದರೆ ಅದು 'ಕಾಳಿ' ಆಗುತ್ತದೆ. 'ಬಾಳು' ಎಂದು ಬರೆದದ್ದು 'ಪಾಳು' ಎಂದು ಓದಿಸಿಕೊಳ್ಳುತ್ತದೆ. ಅಜ್ಜಿ ಹೇಳಿದ ಗಾದೆಯನ್ನು ಮೊಮ್ಮಗಳು ಗಣಕಯಂತ್ರದಲ್ಲಿ ಬರೆದಿಟ್ಟರೆ, ಮುಂದಿನ ತಲೆಮಾರು ಅದನ್ನು ಏನೆಂದು ಓದೀತು?

ಆದ್ದರಿಂದ ಇಂಥ ಒಂದು ಮನೆಗೆಂದೇ ನಾವೊಂದು ಕೀಲಿಮಣೆಯನ್ನು ತಯಾರಿಸಹೊರಟಿದ್ದೇವೆಂದು ಭಾವಿಸೋಣ. ಮನೆ ಕಲ್ಪಿತವಾದರೂ ಮುಂದೆ ಹೇಳುವ ಹಂತಗಳು ಕಾರ್ಖಾನೆಗಳಲ್ಲಿ ನಿಜವಾಗಿ ನಡೆಯುವಂಥವೇ.

ಮೊದಲನೆಯ ಪ್ರಶ್ನೆ, ಯಾವ ಅಕ್ಷರ ಯಾವ ಕೀಲಿಗೆ? ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಸೇರಿಸಿದರೆ ರೂಪಗಳು ಸಾವಿರಗಳನ್ನು ದಾಟುತ್ತವೆ: 34 ವ್ಯಂಜನಗಳ ಜೋಡಿಗಳೇ 34 × 34, ಅಂದರೆ 1156. ಹಳೆಯ ಬೆರಳಚ್ಚು ಯಂತ್ರದಲ್ಲಿ ಒಂದು ಕೀಲಿಗೆ ಎರಡೇ ಅಚ್ಚುಮೊಳೆಗಳು ಇರುತ್ತಿದ್ದುದರಿಂದ ಅಕ್ಷರಗಳನ್ನು ತುಂಡುತುಂಡಾಗಿ ಕತ್ತರಿಸಿ ಜೋಡಿಸಬೇಕಾಗಿತ್ತು. ಗಣಕಯಂತ್ರಕ್ಕೆ ಆ ಕಷ್ಟವಿಲ್ಲ. ಕೀಲಿಯು ಧ್ವನಿಯನ್ನು ತಿಳಿಸಿದರೆ ಸಾಕು, ಆಕಾರವನ್ನು ತಂತ್ರಾಂಶವು ಬರೆದುಕೊಳ್ಳುತ್ತದೆ.

ಇದನ್ನು ಬಹಳ ಸರಳವಾಗಿ ಬಿಡಿಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್. ಮುದ್ರಣ ಮತ್ತು ಅಕ್ಷರಜೋಡಣೆಯ ಕ್ಷೇತ್ರದಲ್ಲಿ ದುಡಿದ ಅವರು ಕನ್ನಡಕ್ಕಾಗಿ ಹೊಸ ಕೀಲಿಗಳನ್ನೇ ಕೇಳಲಿಲ್ಲ. ಇಂಗ್ಲಿಷ್ ಕೀಲಿಗಳು 26. ಶಿಫ್ಟ್ ಹಿಡಿದರೆ 52. ಕನ್ನಡಕ್ಕೆ ಬೇಕಾದದ್ದು 49 ಅಕ್ಷರ, ಜೊತೆಗೆ ಅಕ್ಷರಗಳನ್ನು ಕೂಡಿಸುವ ಒಂದು ಅರ್ಧಾಕ್ಷರ ಚಿಹ್ನೆ. ಒಟ್ಟು 50. ಎಲ್ಲವೂ ಅಷ್ಟರಲ್ಲೇ ಅಡಗಿತು! ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಟಿ ಮತ್ತು ಡಿ ಕೀಲಿಗಳು ತ, ದಗಳಿಗೆ ಸಂದದ್ದರಿಂದ ಟಕಾರವು ಕ್ಯೂ ಕೀಲಿಗೂ ಡಕಾರವು ಡಬ್ಲ್ಯು ಕೀಲಿಗೂ ಹೋದವು. ಅರ್ಧಾಕ್ಷರ ಚಿಹ್ನೆಗೆ ಎಫ್ ಕೀಲಿ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು ಸಾಕು. ಕರ್ನಾಟಕ ಸರ್ಕಾರವು ಅಂಗೀಕರಿಸಿದ, 'ನುಡಿ' ತಂತ್ರಾಂಶದಲ್ಲಿ ಇರುವ ವಿನ್ಯಾಸ ಇದೇ.

ನಮ್ಮ ಮನೆಗೆ ತಮಿಳೂ ಬೇಕು. ತಮಿಳುನಾಡು ಸರ್ಕಾರವು 1999ರಲ್ಲಿ 'ತಮಿಳ್ 99' ಎಂಬ ವಿನ್ಯಾಸವನ್ನು ಒಪ್ಪಿಕೊಂಡಿತು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಸಂತೋಷದ ಸಂಗತಿ ಕಂಡಿತು. ತಮಿಳಿನ ಪುಳ್ಳಿ, ಅಂದರೆ ಸ್ವರವನ್ನು ಕಳೆಯುವ ಚುಕ್ಕೆ, ಅದೇ ಎಫ್ ಕೀಲಿಯ ಮೇಲಿದೆ! ಎಡಗೈ ತೋರುಬೆರಳು ನೋಡದೆಯೇ ತನ್ನ ಸ್ಥಾನ ಹಿಡಿಯಲೆಂದು ಸಣ್ಣ ಉಬ್ಬುಗೆರೆ ಇರುವುದೂ ಆ ಕೀಲಿಗೇ. ಅಕಾರವೂ ಎರಡರಲ್ಲಿ ಒಂದೇ ಕೀಲಿಯಲ್ಲಿದೆ. ಆದರೆ ಕೆ ಒತ್ತಿದರೆ ಕನ್ನಡದಲ್ಲಿ ಕ, ತಮಿಳಿನಲ್ಲಿ ಮ. ಆದುದರಿಂದ ಆ ಒಂದು ಕೀಲಿಯ ಮೇಲೆ ಇಂಗ್ಲಿಷ್ ಕೆ, ತಮಿಳಿನ ಮ, ಕನ್ನಡದ ಕ ಮತ್ತು ಖ, ಹೀಗೆ ನಾಲ್ಕು ಗುರುತುಗಳು ಬೇಕಾಗುತ್ತವೆ.

ಈಗ ಮೂಲಮಾದರಿಯ ಹಂತ. ಮೂಲಮಾದರಿ ಎಂದೊಡನೆ ಯಂತ್ರಗಳು ಬೇಕೆಂದು ತಿಳಿಯಬೇಡಿರಿ. ರಟ್ಟು, ಅಳತೆಪಟ್ಟಿ, ಪೆನ್ಸಿಲು ಸಾಕು. ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19.05 ಮಿ.ಮೀ., ಅಂದರೆ ಮುಕ್ಕಾಲು ಅಂಗುಲ. ಇದು ಲೋಕವೆಲ್ಲ ರೂಢಿಯಲ್ಲಿರುವ ಅಳತೆ. ಆದರೆ ಕೀಲಿಯ ತಲೆ ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಗುರುತು ಬರೆಯಲು ಸಿಗುವ ಅಗಲ ಸುಮಾರು 12 ಮಿ.ಮೀ. ಮಾತ್ರ. ಈ ಲೇಖನಕ್ಕಾಗಿ ನಾನು ರಟ್ಟಿನ ಮೇಲೆ ಅಂಥದೊಂದು ಚೌಕದಲ್ಲಿ ನಾಲ್ಕು ಗುರುತುಗಳನ್ನು ಬರೆದು ನೋಡಿದೆ. ಕೈಗೆ ಕನ್ನಡಕ ಬೇಕಾಯಿತು! ಶಿಫ್ಟಿನ ಅಕ್ಷರವನ್ನು ಕೀಲಿಯ ಮುಂಬದಿಯ ಇಳಿಜಾರಿನ ಮೇಲೆ ಬರೆದಾಗ ಸರಿಹೋಯಿತು. ರಟ್ಟಿನಲ್ಲಿ ಈ ತಪ್ಪು ತಿದ್ದಲು ಐದು ನಿಮಿಷ ಸಾಕಾಯಿತು. ಇದೇ ತಪ್ಪು ಕಾರ್ಖಾನೆಯವರೆಗೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಮುಂದೆ ನೋಡುವಿರಿ.

ರಟ್ಟಿನ ನಂತರ ತಂತಿಯ ಮಾದರಿ. 104 ಕೀಲಿಗಳಿಗೆ ಒಂದೊಂದು ತಂತಿ ಎಳೆದರೆ, ಎಲ್ಲಕ್ಕೂ ಸಾಮಾನ್ಯವಾದ ಒಂದನ್ನು ಸೇರಿಸಿ 105 ತಂತಿಗಳು ಬೇಕು. ಅದರ ಬದಲು ಕೀಲಿಗಳನ್ನು 8 ಅಡ್ಡಸಾಲು, 13 ಕಂಬಸಾಲುಗಳಲ್ಲಿ ಜೋಡಿಸಿದರೆ 8 + 13 = 21 ತಂತಿಗಳಲ್ಲಿ ಕೆಲಸ ಮುಗಿಯುತ್ತದೆ. ಕೀಲಿಮಣೆಯೊಳಗಿನ ಪುಟ್ಟ ನಿಯಂತ್ರಕವು ಒಂದೊಂದೇ ಅಡ್ಡಸಾಲಿಗೆ ವಿದ್ಯುತ್ ಕೊಟ್ಟು, ಯಾವ ಕಂಬಸಾಲಿನಿಂದ ಅದು ಹೊರಬಂದಿತೆಂದು ಪರೀಕ್ಷಿಸುತ್ತದೆ. ಒಂದು ಸೆಕೆಂಡಿಗೆ ಸಾವಿರ ಬಾರಿ ಹೀಗೆ ಇಡೀ ಮಣೆಯ ಹಾಜರಿ ತೆಗೆದುಕೊಳ್ಳುವ ನಿಯಂತ್ರಕಗಳಿವೆ. ನಮ್ಮ ತರಗತಿಯಲ್ಲಿ 'ಎರಡನೆಯ ಸಾಲು, ಮೂರನೆಯವನು' ಎಂದರೆ ಹುಡುಗ ಯಾರೆಂದು ತಿಳಿಯುವುದಿಲ್ಲವೇ? ಹಾಗೆಯೇ.

ಇಲ್ಲೊಂದು ಮೋಸ ಅಡಗಿದೆ. ಹಾಳೆಯ ಮೇಲೆ ಎರಡು ಅಡ್ಡಗೆರೆ, ಎರಡು ಕಂಬಗೆರೆ ಎಳೆದು ನೋಡಿರಿ. ಗೆರೆಗಳು ಕೂಡುವ ನಾಲ್ಕು ಮೂಲೆಗಳೇ ನಾಲ್ಕು ಕೀಲಿಗಳು. ಮೊದಲ ಅಡ್ಡಗೆರೆಯ ಎರಡೂ ಕೀಲಿಗಳನ್ನು, ಎರಡನೆಯ ಅಡ್ಡಗೆರೆಯ ಮೊದಲ ಕೀಲಿಯನ್ನು ಒಟ್ಟಿಗೆ ಒತ್ತಿರಿ. ಎರಡನೆಯ ಅಡ್ಡಗೆರೆಗೆ ವಿದ್ಯುತ್ ಕೊಟ್ಟಾಗ ಅದು ಮೊದಲ ಕಂಬಗೆರೆಗೆ ಇಳಿದು, ಅಲ್ಲಿಂದ ಹಿಮ್ಮುಖವಾಗಿ ಮೊದಲ ಅಡ್ಡಗೆರೆಗೆ ಹತ್ತಿ, ಎರಡನೆಯ ಕಂಬಗೆರೆಯಲ್ಲಿ ಹೊರಬರುತ್ತದೆ. ಯಾರೂ ಮುಟ್ಟದ ನಾಲ್ಕನೆಯ ಕೀಲಿಯೂ ಒತ್ತಲ್ಪಟ್ಟಂತೆ ಕಾಣುತ್ತದೆ! ಇದನ್ನು ಭೂತಕೀಲಿ ಎನ್ನೋಣ. ಪ್ರತಿ ಕೀಲಿಗೂ ಒಂದು ಡಯೋಡ್ ಇಟ್ಟರೆ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿದು ಭೂತ ಬಿಡುತ್ತದೆ.

ಖರ್ಚು ಉಳಿಸಲು ಡಯೋಡ್ ಬಿಡುವವರೂ ಉಂಟು. ಇಂಗ್ಲಿಷ್ ಮಾತ್ರ ಬರೆಯುವವನಿಗೆ ಅದರ ಬಿಸಿ ಅಷ್ಟಾಗಿ ತಟ್ಟದಿರಬಹುದು. ಕನ್ನಡದಲ್ಲಿ ಆ, ಈ, ಣ, ಳ ಎಲ್ಲಕ್ಕೂ ಶಿಫ್ಟ್ ಹಿಡಿಯಬೇಕು. ವೇಗವಾಗಿ ಬರೆಯುವಾಗ ಒಂದು ಬೆರಳು ಏಳುವ ಮೊದಲೇ ಇನ್ನೊಂದು ಇಳಿದಿರುತ್ತದೆ. ಶಿಫ್ಟ್ ಸೇರಿ ಮೂರು ಕೀಲಿಗಳು ಒಟ್ಟಿಗೆ ಒತ್ತಿರುವುದು ಇಲ್ಲಿ ಸಾಮಾನ್ಯ. ಪರೀಕ್ಷೆಯು ಬರೆಯುವ ಭಾಷೆಗೆ ತಕ್ಕಂತಿರಬೇಕೆಂದು ನಾನು ಹೇಳುವುದು ಇದಕ್ಕೇ. ಇಂಗ್ಲಿಷ್ ವಾಕ್ಯ ಬರೆದು 'ಸರಿಯಿದೆ' ಎಂದು ಮುದ್ರೆ ಒತ್ತಿದ ಕೀಲಿಮಣೆ ಕನ್ನಡಕ್ಕೆ ಸರಿಯಿರಬೇಕೆಂದಿಲ್ಲ. ಶಿಫ್ಟ್ ಉದ್ದನೆಯ ಕೀಲಿಯಾದ್ದರಿಂದ ತುದಿಯಲ್ಲಿ ಒತ್ತಿದರೆ ವಾಲದಂತೆ ಅದರ ಕೆಳಗೆ ಬಾಗಿದ ತಂತಿಯೊಂದನ್ನು ಇಡುತ್ತಾರೆ. ನಮ್ಮ ಮಣೆಯಲ್ಲಿ ಆ ತಂತಿಯೇ ಮೊದಲು ಸೋಲುವ ಭಾಗವಾಗಬಹುದು.

ಇನ್ನು ಬಾಳಿಕೆಯ ಪರೀಕ್ಷೆ. ರಬ್ಬರಿನ ಗುಳ್ಳೆಯ ಮೇಲೆ ಕೂರುವ ಅಗ್ಗದ ಕೀಲಿಗಳಿಗೆ ಸಾಮಾನ್ಯವಾಗಿ 50 ಲಕ್ಷದಿಂದ 1 ಕೋಟಿ ಒತ್ತುಗಳ ಆಯುಷ್ಯ ಹೇಳುತ್ತಾರೆ. ಸ್ಪ್ರಿಂಗ್ ಇರುವ ಒಳ್ಳೆಯ ಕೀಲಿಗಳಿಗೆ 5 ಕೋಟಿ ಅಥವಾ ಅದಕ್ಕೂ ಹೆಚ್ಚು. ಒಬ್ಬನು ಒಂದೇ ಕೀಲಿಯನ್ನು ದಿನಕ್ಕೆ 10,000 ಸಲ ಒತ್ತಿದರೂ 5 ಕೋಟಿಗೆ 5000 ದಿನಗಳು, ಎಂದರೆ ಹದಿಮೂರೂವರೆ ವರ್ಷಕ್ಕೂ ಹೆಚ್ಚು ಬೇಕು. ಯಾವ ಕಾರ್ಖಾನೆ ಅಷ್ಟು ಕಾಯುತ್ತದೆ? ಸೆಕೆಂಡಿಗೆ 10 ಸಲ ಒತ್ತುವ ಯಂತ್ರದ ಬೆರಳಿನಿಂದ ಈ ಪರೀಕ್ಷೆ ಎಷ್ಟು ದಿನಗಳಲ್ಲಿ ಮುಗಿಯುವುದೆಂದು ನೀವೇ ಲೆಕ್ಕ ಹಾಕಿರಿ. ಉತ್ತರ 58 ದಿನಗಳ ಹತ್ತಿರ ಬರಬೇಕು.

ಯಂತ್ರದ ಬೆರಳಿಗೆ ತಿಳಿಯದ ಸಂಗತಿಗಳೂ ಇವೆ. ಲೋಹದ ಎರಡು ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತವೆ. ಅಷ್ಟು ಹೊತ್ತು ಕಾದು ಎಣಿಸುವಂತೆ ನಿಯಂತ್ರಕಕ್ಕೆ ಹೇಳದಿದ್ದರೆ 'ಮರ' ಎಂದು ಬರೆದದ್ದು 'ಮಮರ' ಆಗುತ್ತದೆ. ಹೊಸ ಕೀಲಿಯಲ್ಲಿಯೂ ಇರುವ ಈ ಅದುರು ಧೂಳು ಹೊಕ್ಕ ಮೇಲೆ ಹೆಚ್ಚುತ್ತದೆ. ಆಂಡಿಪಟ್ಟಿಯ ಸುತ್ತಿನ ಮಗ್ಗದ ಮನೆಗಳಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಆದುದರಿಂದ ನಮ್ಮ ಮಾದರಿಗಳಲ್ಲಿ ಒಂದನ್ನು ಪ್ರಯೋಗಶಾಲೆಯಲ್ಲಿ ಇಡದೆ, ಒಂದು ತಿಂಗಳು ಮಗ್ಗದ ಪಕ್ಕದಲ್ಲಿಯೇ ಇಟ್ಟು ನೋಡುವುದು ಲೇಸು.

ಎಲ್ಲ ಪರೀಕ್ಷೆಗಳನ್ನೂ ದಾಟಿದ ಮೇಲೆ ಉತ್ಪಾದನೆ. ಇಲ್ಲಿ ದಿಂಡಿಗಲ್ಲನ್ನು ನೆನೆಯಬೇಕು. ಆ ಊರು ಕೈಯಿಂದ ಮಾಡಿದ ಬೀಗಗಳಿಗೆ ಹೆಸರಾದುದು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೀಗದೊಳಗೆ ಹಲವು ಸನ್ನೆಗಳಿರುತ್ತವೆ. ಸರಿಯಾದ ಕೀಲಿಕೈ ಹಾಕಿದಾಗ ಪ್ರತಿಯೊಂದು ಸನ್ನೆಯೂ ತನಗೆ ಗೊತ್ತುಮಾಡಿದ ಎತ್ತರಕ್ಕೇ ಏಳಬೇಕು. ಕಸಬುದಾರನು ಅರದಿಂದ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ ಹೊಂದಿಸುತ್ತಾನೆ. ಅವನ ಕೈಯಲ್ಲಿ ಪ್ರತಿ ಬೀಗವೂ ಒಂದು ಮೂಲಮಾದರಿಯೇ. ಒಂದರಲ್ಲಿ ತಪ್ಪಾದರೆ ಅದು ಆ ಒಂದು ಬೀಗದ ತಪ್ಪು. ಯಂತ್ರದಲ್ಲಿ ತಯಾರಾದ ಅಗ್ಗದ ಬೀಗಗಳ ಮುಂದೆ ಈ ಕಸಬು ಸೊರಗಿರುವುದು ದುಃಖದ ಸಂಗತಿ.

ಕೀಲಿಮಣೆಯ ರೀತಿ ಬೇರೆ. ಉಕ್ಕಿನಲ್ಲಿ ಒಮ್ಮೆ ಅಚ್ಚು ಕೊರೆದು, ಕರಗಿದ ಪ್ಲಾಸ್ಟಿಕನ್ನು ಒತ್ತಡದಿಂದ ತುಂಬಿದರೆ ಕೆಲವೇ ಸೆಕೆಂಡುಗಳಿಗೊಂದರಂತೆ ಭಾಗಗಳು ಉದುರುತ್ತವೆ. ಅಚ್ಚಿನಲ್ಲಿ ಒಂದು ತಪ್ಪಿದ್ದರೆ ಸಾವಿರ ಮಣೆಗಳಲ್ಲೂ ಅದೇ ತಪ್ಪು. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ನೂರಕ್ಕೆ ಅರ್ಧ ಪಾಲು ಕುಗ್ಗಿದರೂ 440 ಮಿ.ಮೀ. ಉದ್ದದ ಚೌಕಟ್ಟು 2.2 ಮಿ.ಮೀ. ಗಿಡ್ಡವಾಗಿ ತಿರುಪಿನ ತೂತುಗಳು ಕೂಡುವುದೇ ಇಲ್ಲ. ಆದ್ದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಕೊರೆಯಬೇಕು. ಭಾಗವು ಅಚ್ಚಿನಿಂದ ಕಳಚಿ ಬರಲೆಂದು ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಕೊಡುತ್ತಾರೆ. ಅಕ್ಷರಗಳ ವಿಚಾರಕ್ಕೆ ಬಂದರೆ, ಮೇಲೆ ಬರಿದೇ ಬಣ್ಣ ಒತ್ತಿದ ಗುರುತುಗಳು ಬೆರಳ ಬೆವರಿಗೆ ಬೇಗ ಸವೆಯುತ್ತವೆ. ಶಾಖದಿಂದ ಶಾಯಿಯನ್ನು ಪ್ಲಾಸ್ಟಿಕ್‌ನೊಳಕ್ಕೆ ಇಳಿಸುವ ವಿಧಾನ ಬಹುಕಾಲ ಬಾಳುತ್ತದೆ, ಅಕ್ಷರ ಬದಲಾದರೆ ಹೊಸ ಅಚ್ಚೂ ಬೇಡ.

ಈಗ ಹಣದ ಲೆಕ್ಕ. ಪೋಷಕರೂ ಇದನ್ನು ಗಮನಿಸಬೇಕು. ಅಚ್ಚಿಗೆ 5 ಲಕ್ಷ ರೂಪಾಯಿ ಆಗುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 50,000 ಮಣೆಗಳನ್ನು ಮಾಡಿದರೆ ಒಂದೊಂದರ ಮೇಲೆ ಬೀಳುವ ಅಚ್ಚಿನ ವೆಚ್ಚ 10 ರೂಪಾಯಿ. 500 ಮಾತ್ರ ಮಾಡಿದರೆ 1000 ರೂಪಾಯಿ! ಕನ್ನಡ, ತಮಿಳು ಎರಡೂ ಬೇಕೆನ್ನುವ ಮನೆಗಳು ಎಷ್ಟು ಸಿಕ್ಕಾವು? ಸಣ್ಣ ಸಮುದಾಯದ ಭಾಷೆ ಯಂತ್ರಗಳ ಲೋಕದಲ್ಲಿ ಹಿಂದೆ ಬೀಳುವುದು ಹೆಚ್ಚಾಗಿ ಇಂಥ ಭಾಗಾಕಾರದಲ್ಲಿಯೇ.

ಹಾಗಾದರೆ ಕೈಬಿಡಬೇಕೇ? ನನ್ನ ಅಭಿಪ್ರಾಯ ಹೇಳುತ್ತೇನೆ. ನಮಗೆ ಹೊಸ ಚೌಕಟ್ಟೂ ಬೇಡ, ಹೊಸ ಅಚ್ಚೂ ಬೇಡ. ಕೆ. ಪಿ. ರಾವ್ ಅವರು ಇದ್ದ 26 ಕೀಲಿಗಳಲ್ಲಿಯೇ ಕನ್ನಡವನ್ನು ಕೂರಿಸಿದಂತೆ, ಪೇಟೆಯಲ್ಲಿ ಸಿಗುವ ಸಾಮಾನ್ಯ ಕೀಲಿಮಣೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಭೂತಕೀಲಿ ಇದೆಯೇ ಎಂದು ಮೇಲೆ ಹೇಳಿದ ರೀತಿಯಲ್ಲಿ ಮೂರು ಮೂರು ಕೀಲಿಗಳನ್ನು ಒತ್ತಿ ಪರೀಕ್ಷಿಸೋಣ. ರಟ್ಟಿನ ಮೇಲೆ ಗೊತ್ತುಮಾಡಿಕೊಂಡ ಗುರುತುಗಳನ್ನು ಅಂಟುಚೀಟಿಯ ಮೇಲೆ ಮುದ್ರಿಸಿ ಕೀಲಿಗಳಿಗೆ ಅಂಟಿಸೋಣ. ಚೀಟಿ ಸವೆದರೆ ಇನ್ನೊಂದು ಅಂಟಿಸಿದರಾಯಿತು.

ಇಷ್ಟಾದ ಮೇಲೆ ಕೊನೆಯ ಪರೀಕ್ಷೆ. ಕನ್ನಡ ಅಕ್ಷರವನ್ನು ಹೊಸದಾಗಿ ಕಲಿಯುತ್ತಿರುವ ಕಂಬಂನ ಹುಡುಗಿಯೊಬ್ಬಳನ್ನು ಮಣೆಯ ಮುಂದೆ ಕೂರಿಸಿ, ಅಜ್ಜಿ ಹೇಳಿದ ಒಂದು ಪದವನ್ನು ಬರೆಯಲು ಹೇಳಿರಿ. ಜಿ, ಶಿಫ್ಟ್ ಹಿಡಿದು ಎ, ಶಿಫ್ಟ್ ಹಿಡಿದು ಎಲ್, ಐ. ಪರದೆಯ ಮೇಲೆ ಮೂಡಿದ್ದನ್ನು, ಪಕ್ಕದ ಕೋಣೆಯಲ್ಲಿದ್ದು ಪದವನ್ನು ಕೇಳಿಸಿಕೊಳ್ಳದ ಮತ್ತೊಬ್ಬರಿಂದ ಓದಿಸಿರಿ. ಅವರು 'ಗಾಳಿ' ಎಂದು ಓದಿದರೆ ಮಣೆ ತೇರ್ಗಡೆಯಾಯಿತು.