ಅಣೆಕಟ್ಟು ಇಂದು ಹೇಗಿದೆ? – ಒಂಬತ್ತನೆಯ ತರಗತಿಗೆ ಎರಡು ಅವಧಿಯ ಪಾಠ

ಅಣೆಕಟ್ಟಿನ ಬಗ್ಗೆ ಅಭ್ಯಾಸ ಬೋಧನೆಗೆ ಸಿದ್ಧವಾಗುವ ಪಾಠಯೋಜನೆಗಳು ಹೆಚ್ಚಾಗಿ ಉಪಯೋಗಗಳ ಪಟ್ಟಿಯಲ್ಲೇ ಮುಗಿಯುತ್ತವೆ: ನೀರಾವರಿ, ವಿದ್ಯುತ್, ಕುಡಿಯುವ ನೀರು, ಪ್ರವಾಹ ನಿಯಂತ್ರಣ, ಮೀನುಗಾರಿಕೆ. ಮಕ್ಕಳು ಐದು ಅಂಶ ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಈ ಪಟ್ಟಿಯಲ್ಲೇ ಒಂದು ಇಕ್ಕಟ್ಟು ಇದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ನೀರಾವರಿಗೆ ಜಲಾಶಯ ತುಂಬಿರಬೇಕು. ಪ್ರವಾಹ ತಡೆಯಬೇಕಾದರೆ ಅದರಲ್ಲಿ ಖಾಲಿ ಜಾಗ ಇರಬೇಕು.

ಈ ಪಾಠ ಆ ಇಕ್ಕಟ್ಟಿನಿಂದ ಹೊರಡುತ್ತದೆ. ಪ್ರವಾಹದಿಂದ ನಮ್ಮನ್ನು ಕಾಯುವುದು ಗೋಡೆಯ ಎತ್ತರ ಮಾತ್ರವಲ್ಲ. ಗೋಡೆಯ ಹಿಂದಿನ ಖಾಲಿ ಜಾಗ ಮತ್ತು ನೀರು ಹೊರಹೋಗುವ ದಾರಿ. ಇವೆರಡೂ ವರ್ಷ ಕಳೆದಂತೆ ಕಣ್ಣಿಗೆ ಬೀಳದೆ ಕುಗ್ಗಬಲ್ಲವು. ಆದ್ದರಿಂದ ಅಣೆಕಟ್ಟನ್ನು ಯಾವಾಗ ಕಟ್ಟಿದರು ಎಂಬುದರ ಜೊತೆಗೆ ಅದು ಇಂದು ಹೇಗಿದೆ ಎಂದು ಕೇಳುವುದನ್ನು ಮಕ್ಕಳು ಕಲಿಯಬೇಕು.

ಕಲಿಕಾ ಫಲಗಳು

ಪಾಠ ಮುಗಿದಾಗ ವಿದ್ಯಾರ್ಥಿಯು:
1. ಏರಿ, ಕೋಡಿ, ತೂಬುಗಳ ಕೆಲಸವನ್ನು ಅಣೆಕಟ್ಟಿನ ಭಾಗಗಳೊಂದಿಗೆ ಹೋಲಿಸುವನು/ಳು.
2. ಒಳಹರಿವು, ಹೊರಹರಿವು ಮತ್ತು ಖಾಲಿ ಜಾಗದಿಂದ ಜಲಾಶಯ ತುಂಬಲು ಹಿಡಿಯುವ ಸಮಯವನ್ನು ಲೆಕ್ಕ ಹಾಕುವನು/ಳು.
3. ಗೇಟ್ ಕಳಚುವುದಕ್ಕೂ ಅಣೆಕಟ್ಟು ಒಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವನು/ಳು.

ಪೀಠಿಕೆ: ಕೆರೆಯಿಂದ ಅಣೆಕಟ್ಟಿಗೆ

ಮಕ್ಕಳಿಗೆ ಗೊತ್ತಿರುವ ಕೆರೆಯಿಂದ ಆರಂಭಿಸಿ. ‘ಕೆರೆ ಕೋಡಿ ಬಿತ್ತು ಎಂದರೆ ಏನು?’ ಎಂದು ಕೇಳಿ. ಕೆರೆ ತುಂಬಿ ಹೆಚ್ಚಿನ ನೀರು ಗೊತ್ತಾದ ಜಾಗದಿಂದ ಹರಿಯಿತು ಎಂಬ ಉತ್ತರ ಬರುತ್ತದೆ. ‘ಕೋಡಿ ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗುತ್ತದೆ?’ ಏರಿಯ ಮೇಲೆ. ‘ಮಣ್ಣಿನ ಏರಿಯ ಮೇಲೆ ನೀರು ಹರಿದರೆ?’ ಏರಿ ಕೊಚ್ಚಿ ಹೋಗುತ್ತದೆ. ಈ ಮೂರು ಪ್ರಶ್ನೆಗಳಲ್ಲಿ ಪಾಠದ ಅರ್ಧ ಭಾಗ ಆಗಿಹೋಯಿತು. ಕಪ್ಪುಹಲಗೆಯ ಮೇಲೆ ಕೆರೆಯ ಅಡ್ಡಸೀಳು ಚಿತ್ರ ಬರೆದು, ಪಕ್ಕದಲ್ಲಿ ಅಣೆಕಟ್ಟಿನ ಚಿತ್ರ ಬರೆಯಿರಿ. ಏರಿಯ ಜಾಗದಲ್ಲಿ ಗೋಡೆ, ತೂಬಿನ ಜಾಗದಲ್ಲಿ ನಾಲೆಯ ಬಾಗಿಲು, ಕೋಡಿಯ ಜಾಗದಲ್ಲಿ ಕ್ರಸ್ಟ್ ಗೇಟುಗಳು. ಕೋಡಿ ತಾನಾಗಿ ಹರಿಯುತ್ತದೆ. ಗೇಟನ್ನು ಯಾರಾದರೂ ಎತ್ತಬೇಕು, ಅದು ಏಳುವ ಸ್ಥಿತಿಯಲ್ಲೂ ಇರಬೇಕು.

ಚಟುವಟಿಕೆ 1: ಖಾಲಿ ಜಾಗ

ಎರಡು ಲೀಟರಿನ ಎರಡು ಪ್ಲಾಸ್ಟಿಕ್ ಬಾಟಲಿಗಳ ಕತ್ತು ಕತ್ತರಿಸಿ. ಒಂದನ್ನು ಅರ್ಧಕ್ಕಿಂತ ಕಡಿಮೆ, ಇನ್ನೊಂದನ್ನು ಕಂಠದವರೆಗೆ ತುಂಬಿಸಿ. ಎರಡಕ್ಕೂ ಅರ್ಧ ಲೀಟರ್ ನೀರು ಸುರಿಯಿರಿ. ಮೊದಲನೆಯದು ಅಷ್ಟನ್ನೂ ಹಿಡಿದುಕೊಳ್ಳುತ್ತದೆ. ಎರಡನೆಯದು ಕೂಡಲೇ ಚೆಲ್ಲುತ್ತದೆ. ‘ಪ್ರವಾಹ ತಡೆದ ಬಾಟಲಿ ಯಾವುದು?’ ಎಂದು ಕೇಳಿ ಸುಮ್ಮನಿರಿ. ಉತ್ತರ ಮಕ್ಕಳಿಂದಲೇ ಬರಲಿ.

ಇಲ್ಲಿ ದಾಮೋದರ ಕಣಿವೆಯ ಉದಾಹರಣೆ ಕೊಡಬಹುದು. ಬಂಗಾಳದಲ್ಲಿ 1943ರಲ್ಲಿ ದಾಮೋದರ ನದಿಯ ಪ್ರವಾಹದಿಂದ ಭಾರಿ ಹಾನಿಯಾದ ಬಳಿಕ, ಪ್ರವಾಹ ನಿಯಂತ್ರಣವನ್ನೇ ಮುಖ್ಯ ಗುರಿಯಾಗಿ ಇಟ್ಟುಕೊಂಡು 1948ರಲ್ಲಿ ದಾಮೋದರ ಕಣಿವೆ ನಿಗಮ ಸ್ಥಾಪನೆಯಾಯಿತು. ತಿಲೈಯಾ (1953), ಕೋನಾರ್ (1955), ಮೈಥಾನ್ (1957), ಪಂಚೇತ್ (1959) ಅಣೆಕಟ್ಟುಗಳು ಎದ್ದವು. ಮೂಲ ಯೋಜನೆಯಲ್ಲಿದ್ದ ಉಳಿದವು ಆಗ ಆಗಲಿಲ್ಲ. ಮೈಥಾನ್ ಮತ್ತು ಪಂಚೇತ್‌ಗಳಲ್ಲಿ ಪ್ರವಾಹದ ನೀರಿಗೆಂದು ಗುರುತಿಸಿದ ಎತ್ತರದವರೆಗೆ ಭೂಸ್ವಾಧೀನ ಪೂರ್ಣವಾಗಲಿಲ್ಲ. ಮೇಲೆ ಹೂಳೂ ತುಂಬುತ್ತ ಬಂತು. ಗೋಡೆ ಅಷ್ಟೇ ಎತ್ತರ ಇದ್ದರೂ ಹಿಂದಿನ ಜಾಗ ಕಡಿಮೆಯಾಯಿತು. 1978ರಲ್ಲಿ ಕೆಳ ದಾಮೋದರ ಪ್ರದೇಶ ಮತ್ತೆ ದೊಡ್ಡ ಪ್ರವಾಹ ಕಂಡಿತು.

ನಮ್ಮ ತುಂಗಭದ್ರಾ ಜಲಾಶಯದ ಅಂಕಿಗಳಿಂದ ಒಂದು ಲೆಕ್ಕ ಕೊಡಿ. ಆರಂಭದ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಸುಮಾರು 105.8 ಟಿಎಂಸಿ. ಹೂಳಿಗೆ ಹೋದದ್ದು ಎಷ್ಟು? ಸುಮಾರು 27 ಟಿಎಂಸಿ, ಅಂದರೆ ಐದರಲ್ಲಿ ಒಂದು ಪಾಲು.

ಚಟುವಟಿಕೆ 2: ಹೊರದಾರಿ

ಮೊದಲು ಅಳತೆಯನ್ನು ಸ್ಪಷ್ಟಪಡಿಸಿ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ 1 ಕ್ಯೂಸೆಕ್. 100 ಕೋಟಿ ಘನ ಅಡಿ ಸೇರಿದರೆ 1 ಟಿಎಂಸಿ. 1 ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ 1,00,000 × 86,400 = 864 ಕೋಟಿ ಘನ ಅಡಿ, ಅಂದರೆ 8.64 ಟಿಎಂಸಿ. ಪತ್ರಿಕೆಯಲ್ಲಿ ಬರುವ ಎರಡು ಅಳತೆಗಳ ನಂಟು ಈ ಒಂದು ಸಾಲಿನಲ್ಲಿ ತಿಳಿಯುತ್ತದೆ.

ಈಗ ಕಾಲ್ಪನಿಕ ಲೆಕ್ಕ: ಜಲಾಶಯದಲ್ಲಿ ಉಳಿದಿರುವ ಜಾಗ 8.64 ಟಿಎಂಸಿ, ಒಳಹರಿವು 3 ಲಕ್ಷ ಕ್ಯೂಸೆಕ್, ಹೊರಹರಿವು 2 ಲಕ್ಷ ಕ್ಯೂಸೆಕ್. ತುಂಬಲು ಎಷ್ಟು ಹೊತ್ತು? ಒಂದು ದಿನ. ಕೆಲವು ಗೇಟುಗಳು ಏಳದೆ ಹೊರಹರಿವು 1 ಲಕ್ಷಕ್ಕೆ ಇಳಿದರೆ? ಹನ್ನೆರಡು ಗಂಟೆ. ‘ಕಳೆದುಹೋದ ಆ ಹನ್ನೆರಡು ಗಂಟೆ ಯಾರಿಗೆ ಬೇಕಾಗಿತ್ತು?’ ಎಂದು ಕೇಳಿ. ಕೆಳಗಿನ ಊರಿನ ಜನ ಮನೆ ಬಿಟ್ಟು, ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಗಲು ಬೇಕಾಗಿದ್ದ ಸಮಯ ಅದು.

ಗುಜರಾತಿನ ಮಚ್ಚು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಇಂಥದ್ದೇ ಲೆಕ್ಕ ನಿಜವಾಯಿತು. ಹೊರಬಿಡಲು ವಿನ್ಯಾಸ ಮಾಡಿದ್ದ ಪ್ರಮಾಣದ ಸುಮಾರು ಮೂರು ಪಟ್ಟು ನೀರು ಬಂತು. ಅದು ಎರಡೂ ಬದಿಯ ಮಣ್ಣಿನ ಏರಿಯ ಮೇಲೆ ಹರಿದು ಏರಿಯನ್ನು ಕೊಚ್ಚಿಹಾಕಿತು. ಕೆಳಗಿದ್ದ ಮೋರ್ಬಿ ಪಟ್ಟಣ ಮುಳುಗಿ ಸಾವಿರಾರು ಜನ ಸತ್ತರು.

ಎರಡನೆಯ ಅವಧಿ: ತುಂಗಭದ್ರೆಯ 19ನೇ ಗೇಟು

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಗೋಡೆಗೆ ಏನೂ ಆಗಲಿಲ್ಲ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೊಸದಾಗಿ ತಯಾರಿಸಿದ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಕಿಂಡಿಯನ್ನು ಮುಚ್ಚಲಾಯಿತು. ಅಷ್ಟರಲ್ಲಿ ಸಂಗ್ರಹ ಮೂವತ್ತಕ್ಕೂ ಹೆಚ್ಚು ಟಿಎಂಸಿ ಇಳಿದಿತ್ತು. ಮುಂದಿನ ಮಳೆಯಲ್ಲಿ ಜಲಾಶಯ ಮತ್ತೆ ತುಂಬಿತು. ಆದರೂ 2025ರಲ್ಲಿ ಗೇಟುಗಳ ಸ್ಥಿತಿಯನ್ನು ನೋಡಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು.

ತರಗತಿಯನ್ನು ನಾಲ್ಕು ಗುಂಪು ಮಾಡಿ: ಅಣೆಕಟ್ಟಿನ ಎಂಜಿನಿಯರ್, ನಾಲೆಯ ಕೊನೆಯ ಭಾಗದ ಭತ್ತದ ರೈತ, ನದಿದಂಡೆಯ ಊರಿನ ಪಂಚಾಯಿತಿ ಸದಸ್ಯೆ, ಕುಡಿಯುವ ನೀರಿನ ಅಧಿಕಾರಿ. ಪ್ರಶ್ನೆ ಒಂದೇ: ‘ಈ ವರ್ಷ 80 ಟಿಎಂಸಿಗೆ ನಿಲ್ಲಿಸೋಣವೇ, ಪೂರ್ತಿ ತುಂಬಿಸೋಣವೇ?’ ಪ್ರತಿ ಗುಂಪು ಒಂದು ಕಾರಣ ಮತ್ತು ಒಂದು ಆತಂಕವನ್ನು ಹೇಳಲಿ. ಸರಿ ಉತ್ತರವನ್ನು ನೀವು ಘೋಷಿಸಬೇಡಿ. ರೈತನ ಬೆಳೆ ನಷ್ಟವೂ ನಿಜ, ಹಳೆಯ ಸರಪಳಿಯೂ ನಿಜ. ದುರಸ್ತಿ ತಡವಾದರೆ ಅದರ ಬೆಲೆ ಯಾರ ಹೊಲದಲ್ಲಿ ಬೀಳುತ್ತದೆ ಎಂಬುದು ಚರ್ಚೆಯಲ್ಲಿ ತಾನಾಗಿ ಮೇಲೆ ಬರುತ್ತದೆ.

ಬಳಿಕ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಪರಿಚಯಿಸಿ. ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲ ಮುಗಿದ ಮೇಲೆ ಪರಿಶೀಲನೆ, ಪ್ರವಾಹ ಅಥವಾ ಭೂಕಂಪದ ನಂತರ ಮತ್ತೆ ಪರಿಶೀಲನೆ, ತುರ್ತು ಕ್ರಿಯಾ ಯೋಜನೆ — ಇವು ಕಾಯ್ದೆ ವ್ಯಾಪ್ತಿಯ ಅಣೆಕಟ್ಟಿನ ಮಾಲೀಕರ ಹೊಣೆ. ‘ಮಳೆಗಾಲಕ್ಕೆ ಮುಂಚೆಯೇ ಏಕೆ?’ ಎಂಬ ಪ್ರಶ್ನೆ ಕಾಯ್ದೆಯ ಹೆಸರಿಗಿಂತ ಮುಖ್ಯ. ನೀರು ಬಂದ ಮೇಲೆ ಗೇಟನ್ನು ಕಳಚಿ ನೋಡಲು ಆಗುವುದಿಲ್ಲ.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದದ್ದು

ಭಯ ಹುಟ್ಟಿಸುವ ವಿಡಿಯೊಗಳಿಂದ ಪಾಠ ಆರಂಭಿಸಬೇಡಿ. ನದಿದಂಡೆಯ ಊರುಗಳಿಂದ ಬರುವ ಮಕ್ಕಳಿಗೆ ಅದು ದೂರದ ಸುದ್ದಿಯಲ್ಲ. ‘ಡ್ಯಾಂ ಒಡೆಯಿತು’ ಎಂಬ ಮಾತು ಬಂದರೆ ಚಿತ್ರದ ಬಳಿ ಕರೆದು, ‘ಯಾವ ಭಾಗ?’ ಎಂದು ಕೇಳಿ. ಗೋಡೆಯೋ, ಏರಿಯೋ, ಗೇಟೋ ಎಂದು ಬೆರಳಿಟ್ಟು ತೋರಿಸಬಲ್ಲ ಮಗು ನಾಳೆ ಗಾಳಿಸುದ್ದಿಗೆ ಬೆದರುವುದಿಲ್ಲ, ನಿಜವಾದ ಎಚ್ಚರಿಕೆಯನ್ನು ಕಡೆಗಣಿಸುವುದೂ ಇಲ್ಲ.

ವೀಕ್ಷಕರು ಪಾಠವನ್ನು ನೋಡುವಾಗ ಒಂದನ್ನು ಎಣಿಸಲಿ: ಹೌದು/ಇಲ್ಲ ಎಂದು ಮುಗಿಯುವ ಪ್ರಶ್ನೆಗಳೆಷ್ಟು, ‘ಆಮೇಲೆ ಏನಾಗುತ್ತದೆ?’ ಎಂದು ಮುಂದುವರಿಸುವ ಪ್ರಶ್ನೆಗಳೆಷ್ಟು.

ಮೌಲ್ಯಮಾಪನ

1. ಒಂದೇ ಎತ್ತರದ ಎರಡು ಅಣೆಕಟ್ಟುಗಳಲ್ಲಿ ಒಂದು ಪ್ರವಾಹವನ್ನು ತಡೆಯಿತು, ಇನ್ನೊಂದು ತಡೆಯಲಿಲ್ಲ. ಎರಡು ಕಾರಣ ಬರೆಯಿರಿ.
2. ಜಲಾಶಯದಲ್ಲಿ ಜಾಗ 4.32 ಟಿಎಂಸಿ, ಒಳಹರಿವು ಹೊರಹರಿವಿಗಿಂತ 1 ಲಕ್ಷ ಕ್ಯೂಸೆಕ್ ಹೆಚ್ಚು. ಎಷ್ಟು ಗಂಟೆಯಲ್ಲಿ ತುಂಬುತ್ತದೆ?
3. 19ನೇ ಗೇಟು ಹೋದಾಗ ಉಳಿದ ಗೇಟುಗಳನ್ನೂ ಏಕೆ ತೆರೆದರು?

ಗೃಹಕಾರ್ಯ: ಹಿರಿಯರೊಬ್ಬರ ಜೊತೆ, ಬೇಸಿಗೆಯಲ್ಲಿ, ಊರಿನ ಕೆರೆಯ ಕೋಡಿಯನ್ನು ನೋಡಿ ಬನ್ನಿ. ಜಾಲಿ ಬೆಳೆದಿದೆಯೇ, ಕಸ ಕಟ್ಟಿದೆಯೇ, ಯಾರಾದರೂ ಕಲ್ಲು ಅಡ್ಡ ಇಟ್ಟಿದ್ದಾರೆಯೇ? ನೋಡಿದ್ದನ್ನು ದಿನಾಂಕ ಸಹಿತ ಬರೆದು, ಒಂದು ಪ್ರತಿಯನ್ನು ಶಿಕ್ಷಕರ ಮೂಲಕ ಗ್ರಾಮ ಪಂಚಾಯಿತಿಗೆ ಕೊಡಿ.